ಚಿತ್ತೆ ಮಳೆಯಲ್ಲಿ ಹಾಲನ್ನ

ಹೋದ ವಾರ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಚೀಲದಿಂದ ಒಂದು ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ತ್ರಿಫಲಾ ಚೂರ್ಣದ ಒಗರು ವಾಸನೆ ಮೂಗಿಗೆ ಬಂತು. ಪಾಪ, ಆಕೆ ಒಂದು ಚಮಚ ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ಅಷ್ಟೇ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ತ್ರಿಫಲದ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ನಾನು ಆಗುತ್ತೇನೆ. ಆ ವಾಸನೆ ಬಂದರೆ ಸಾಕು, ಹನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಸಣ್ಣ ಮಳಿಗೆ, ಅದರ ಹಸಿರು ಬೋರ್ಡು, ಒಳಗೆ ದಪ್ಪ ಕನ್ನಡಕದ ಒಬ್ಬ ಹುಡುಗಿ, ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಏಳು ತಿಂಗಳು ಪೂರ್ತಿ ನಾನು ಆ ಹುಡುಗಿಯನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಆ ಉರಿ ಈಗಲೂ ಪೂರಾ ಆರಿಲ್ಲ.

ಆಗ ನಾನು ಯಳಂದೂರಿನ ಹತ್ತಿರದ ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರು. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರು. ಮನೆ ಕೊಳ್ಳೇಗಾಲದಲ್ಲಿ. ಬೆಳಿಗ್ಗೆ ನಾನು ಒಂದು ದಿಕ್ಕಿಗೆ ಹೊರಟರೆ ಅವರು ಇನ್ನೊಂದು ದಿಕ್ಕಿಗೆ, ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳಿಗೆ. ಇಂಜಿನ್ನಿನ ಶಾಖದ ಪಕ್ಕ ಕೂತು ಕೂತು, ಸಿಕ್ಕ ಸಿಕ್ಕ ಹೋಟೆಲಿನ ಬೋಂಡಾ ಟೀ ಇಳಿಸಿ ಇಳಿಸಿ ಅವರಿಗೆ ಎದೆಯುರಿ ಶುರುವಾಗಿತ್ತು. ರಾತ್ರಿ ಎದ್ದು ಕೂರುವರು. ಬಾಯಿಗೆ ಹುಳಿ ನೀರು ಬರುವುದು.

ನನಗೆ ಇದರ ಮದ್ದು ಗೊತ್ತಿರಲಿಲ್ಲವೆಂದಲ್ಲ. ನನ್ನವ್ವ ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಹೇಗೆ ಕೂತಿದೆ ಎಂದು ನೋಡಿ ಒಲೆಯ ಮೇಲೆ ಏನಿಡಬೇಕೆಂದು ತೀರ್ಮಾನ ಮಾಡುತ್ತಿದ್ದವಳು. ಬಿಸಿಲು ಕಾಲಕ್ಕೆ ಅಂಬಲಿ, ನೀರುಮಜ್ಜಿಗೆ, ಹೆಸರುಕಾಳು. ಆಷಾಢದ ಗಾಳಿಗೆ ಎಳ್ಳೆಣ್ಣೆ, ಬೆಳ್ಳುಳ್ಳಿ. ಮಳೆ ಹಿಡಿದರೆ ಹುರುಳಿ. ಮಾಗಿ ಚಳಿಗೆ ಅವರೆಕಾಳು, ಎಳ್ಳು, ಬೆಲ್ಲ. ಅದನ್ನೇ ನಾನು ಇಪ್ಪತ್ತಾರು ವರ್ಷ ಮಾಡಿಕೊಂಡು ಬಂದೆ. ‘ಬೇಸಿಗೆಯಲ್ಲಿ ಬೋಂಡಾ ತಿನ್ನಬೇಡಿ, ಹುಳಿ ಮೊಸರು ಬೇಡ, ಟೀ ಒಂದು ಸಲ ಸಾಕು’ ಎಂದು ಇಪ್ಪತ್ತಾರು ವರ್ಷ ಬೈದುಕೊಂಡೂ ಬಂದೆ. ಅವರು ‘ಊಂ’ ಅನ್ನುವರು. ಆ ‘ಊಂ’ ಒಂದು ಕಿವಿಯಲ್ಲಿ ಹೋಗಿ ಇನ್ನೊಂದು ಕಿವಿಯಲ್ಲಿ ಹೊರಬರುವಾಗ ಆಗುವ ಸದ್ದು ಅಷ್ಟೇ.

ಯುಗಾದಿ ಕಳೆದ ವಾರ ಅವರು ಡ್ಯೂಟಿಯಿಂದ ಬಂದವರೇ ಒಂದು ಬಣ್ಣದ ಹಾಳೆಯನ್ನು ತಂದು ಅಡುಗೆಮನೆಯ ಗೋಡೆಗೆ, ನನ್ನ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿದರು. ಮೇಲೆ ‘ಋತುಚರ್ಯೆ’ ಎಂದು ದಪ್ಪ ಅಕ್ಷರ. ಕೆಳಗೆ ಆರು ಋತು, ಆರು ಕಾಲಂ. ಯಾವ ತಿಂಗಳು ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎಲ್ಲ.

‘ಅನೂರಲ್ಲಿ ಒಸ ಆಯುರ್ವೇದದ ಡಾಕ್ಟರಮ್ಮ ಬಂದವ್ರೆ ಕಣಮ್ಮಿ’ ಅಂದರು. ‘ಕುಂದಾಪುರದ ಕಡೆಯೋರು. ನಾಡಿ ಇಡ್ದು ನೋಡುದ್ರು. ಬೇಸ್ಗೇಲಿ ಬೋಂಡ ತಿನ್ಬಾರ್ದಂತೆ. ಉಳಿ ಮೊಸ್ರು ಕೂಡ್ದಂತೆ. ಟೀ ಒಂದೇ ಸಲ ಅಂತೆ. ನೋಡು, ಎಂತೆಂತಾ ಇಚಾರ ಅದ ನಮ್ ಸಾಸ್ತ್ರದಲ್ಲಿ!’

ನಾನು ಮುದ್ದೆ ತಿರುವುತ್ತಿದ್ದ ಕೋಲನ್ನು ಹಿಡಿದುಕೊಂಡೇ ನಿಂತುಬಿಟ್ಟೆ. ‘ನಾನೂ ಅದ್ನೇ ಯೋಳ್ತಿದ್ನಲ್ರೀ’ ಅಂದೆ.

‘ನೀನ್ ಯೋಳೋದು ಬುಡು, ಸುಮ್ನೆ ಬೈತಿದ್ದೆ. ಅವ್ರು ಓದ್ಕಂಡಿರೋರು.’

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ವಿಸ್ತರಿಸಿ ಬರೆಸಿದ್ದೆ. ಹಿತ್ತಲ ಗಿಡಕ್ಕೆ ಹೇಗನ್ನಿಸುತ್ತದೆ ಎಂದು ಆವತ್ತು ತಿಳಿಯಿತು.

ಅವರು ಬೋಂಡಾ ಬಿಟ್ಟರು. ಟೀ ಒಂದಕ್ಕಿಳಿಸಿದರು. ಬೆಳಿಗ್ಗೆ ಐದಕ್ಕೆ ಎದ್ದು ಬಿಸಿನೀರು ಕುಡಿದರು. ವಾರಕ್ಕೊಮ್ಮೆ ಹನೂರಿನಲ್ಲಿ ಬಸ್ಸು ನಿಂತ ಹತ್ತು ನಿಮಿಷದಲ್ಲೇ ಓಡಿಹೋಗಿ ಡಾಕ್ಟರಮ್ಮನಿಗೆ ವರದಿ ಒಪ್ಪಿಸಿ ಬರುವರು. ಒಂದೂವರೆ ತಿಂಗಳಲ್ಲಿ ಅವರ ಎದೆಯುರಿ ಕಡಿಮೆಯಾಯಿತು. ನನ್ನ ಹೊಟ್ಟೆಯುರಿ ಜಾಸ್ತಿಯಾಯಿತು. ಗಂಡ ಹುಷಾರಾದರೆ ಹೆಂಡತಿಗೆ ಸಂತೋಷವಾಗಬೇಕು. ನನಗೂ ಆಯಿತು, ಆದರೆ ಅದು ನನ್ನ ಕೈಯಿಂದ ಆಗಲಿಲ್ಲವಲ್ಲ ಎಂಬ ಸಂಕಟವೇ ಮುಂದೆ ನಿಲ್ಲುತ್ತಿತ್ತು.

ಬೇಸಿಗೆ ರಜೆಯಲ್ಲಿ ತಡೆಯಲಾರದೆ ನೋಡೇಬಿಡೋಣವೆಂದು ಹನೂರಿಗೆ ಹೋದೆ. ಜರಿಯಂಚಿನ ಸೀರೆ ಉಟ್ಟು, ಮೊಣಕಾಲು ನೋವು ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕೂತೆ. ಮಳಿಗೆಯ ತುಂಬ ಆ ಒಗರು ವಾಸನೆ. ಡಾಕ್ಟರಮ್ಮ ಎಂದರೆ ಅಲಂಕಾರ ಮಾಡಿಕೊಂಡ ಒಬ್ಬಳು ಚೆಲುವೆ ಇರಬಹುದೆಂದು ನಾನು ಮನಸ್ಸಿನಲ್ಲೇ ಚಿತ್ರ ಬರೆದು, ಅವಳ ಜೊತೆ ಜಗಳದ ಮಾತುಗಳನ್ನೂ ಜೋಡಿಸಿಕೊಂಡು ಬಂದಿದ್ದೆ. ಕಂಡದ್ದು ಕಡ್ಡಿಯಂಥ ಒಂದು ಹುಡುಗಿ. ಹೆಸರು ಸುಮನಾ. ಎಣ್ಣೆ ಹಾಕಿ ಬಿಗಿದ ಜಡೆ, ದಪ್ಪ ಕನ್ನಡಕ. ನನ್ನ ವಿಳಾಸ, ಯಜಮಾನರ ಹೆಸರು ಕೇಳಿದ್ದೇ ಎದ್ದು ನಿಂತು ಕೈಮುಗಿದಳು.

‘ಅಮ್ಮ, ನೀವಾ? ನಿಮ್ಮ ಯಜಮಾನರು ಯಾವಾಗಲೂ ನಿಮ್ಮ ಬುತ್ತಿ ತೋರಿಸುತ್ತಾರೆ. ನನಗೆ ಇಲ್ಲಿಯ ಅಡುಗೆ ಏನೂ ಗೊತ್ತಿಲ್ಲ. ಒಂದಿನ ಕಲಿಸಿಕೊಡಬೇಕು ನೀವು.’

ಅವಳು ಚೆಲುವೆಯಾಗಿದ್ದರೆ, ಜಂಬದವಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಒಳ್ಳೆಯವಳಾಗಿದ್ದಳು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪಟ್ಟವರಿಗೇ ಗೊತ್ತು. ನೋವಿಲ್ಲದ ಮೊಣಕಾಲಿಗೆ ಎಣ್ಣೆ ಬರೆಸಿಕೊಂಡು ಮನೆಗೆ ಬಂದೆ.

ಆಷಾಢದಲ್ಲಿ ನನ್ನ ಕೈಗೊಂದು ಆಯುಧ ಸಿಕ್ಕಿತು. ಗೋಡೆಯ ಹಾಳೆಯಲ್ಲಿ ಆಗ ವರ್ಷ ಋತು ಶುರುವಾಗುವ ಹೊತ್ತು. ಮಳೆ ಸುರಿಯುತ್ತದೆ, ಬಿಸಿಯಾದದ್ದು, ಉಪ್ಪು ಹುಳಿ ಜಿಡ್ಡು ಇರುವುದು ತಿನ್ನಿ ಎಂದಿತ್ತು. ಹೊರಗೆ ನೋಡಿದರೆ ನಮ್ಮ ಕೊಳ್ಳೇಗಾಲದಲ್ಲಿ ಗಾಳಿ, ಬರೀ ಗಾಳಿ. ಮಣ್ಣು ಎದ್ದು ಬಟ್ಟೆ ಕೆಂಪಾಗುತ್ತಿತ್ತು. ಮೋಡಗಳು ನಮ್ಮನ್ನು ಕಂಡೂ ಕಾಣದವರ ಹಾಗೆ ಮುಂದೆ ಹೋಗುತ್ತಿದ್ದವು. ಕರಾವಳಿಯಲ್ಲಿ ಆಷಾಢ ಶ್ರಾವಣ ಮಳೆಗಾಲ. ನಮ್ಮಲ್ಲಿ ನಿಜವಾದ ಮಳೆ ಹಿಡಿಯುವುದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗೆ, ಅಂದರೆ ದಸರಾ ದೀಪಾವಳಿ ಹೊತ್ತಿಗೆ. ಆ ಹೊತ್ತಿಗೆ ಹಾಳೆಯಲ್ಲಿ ಶರದ್ ಋತು. ಬಿಸಿಲು ಚುರುಕು, ಪಿತ್ತ ಕೆರಳುತ್ತದೆ, ತಂಪಾದದ್ದು ತಿನ್ನಿ, ಹಾಲು, ಅನ್ನ, ಹೆಸರುಬೇಳೆ, ಪಡವಲಕಾಯಿ, ಬೆಳದಿಂಗಳಲ್ಲಿಟ್ಟ ನೀರು, ಹುರುಳಿ ಮೆಣಸು ಮುಟ್ಟಬೇಡಿ ಎಂದು ಬರೆದಿತ್ತು.

ಹಾಳೆಯಲ್ಲಿ ಋತು ಸರಿಯಾಗಿತ್ತು, ಊರು ತಪ್ಪಾಗಿತ್ತು. ಓದಿದವಳ ತಪ್ಪನ್ನು ನಾನು ಹಿಡಿದಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ಇನ್ನುಮುಂದೆ ಹಾಳೆಯಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರ ಆಚೀಚೆಯಾಗದಂತೆ ಬೇಯಿಸಿ ಹಾಕುತ್ತೇನೆ, ಅವಳ ಶಾಸ್ತ್ರ ಅವಳಿಗೇ ತಿರುಗಿ ಹೊಡೆಯಲಿ ಎಂದು ತೀರ್ಮಾನ ಮಾಡಿದೆ. ಬೈಯುವುದನ್ನೂ ನಿಲ್ಲಿಸಿದೆ. ‘ಈಗ ನೋಡು ಮನೆ ಎಷ್ಟು ಸಾಂತವಾಗದ’ ಎಂದು ಅವರು ಮೆಚ್ಚಿಕೊಂಡರು.

ಹಸ್ತ ಮಳೆ ಹನಿ ಹಾಕಿ ಹೋಯಿತು. ಚಿತ್ತೆ ಬಂತು. ಚಿತ್ತೆಗೆ ಕಣ್ಣಿಲ್ಲ ಅನ್ನುತ್ತಾರೆ, ಎಲ್ಲಿ ಸುರಿಯುತ್ತದೋ ಅದಕ್ಕೇ ತಿಳಿಯದು. ಆ ವರ್ಷ ನಮ್ಮ ಮೇಲೇ ಸುರಿಯಿತು. ಸತ್ತೇಗಾಲದ ಕಡೆ ಗದ್ದೆಗಳೆಲ್ಲ ಮುಳುಗಿವೆ ಎಂದು ಹಾಲಿನವಳು ಹೇಳಿದಳು. ಹಗಲಿನಲ್ಲೇ ಲೈಟು ಹಾಕಬೇಕು, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದು. ಚಳಿ ಮೂಳೆಗಿಳಿಯುತ್ತಿತ್ತು. ನನಗೆ ದಸರಾ ರಜೆ. ಹಾಳೆಯ ಪ್ರಕಾರ ಹಾಲನ್ನ, ಪಡವಲಕಾಯಿ ಪಲ್ಯ, ಒಗ್ಗರಣೆಗೆ ಖಾರವಿಲ್ಲದ ಹೆಸರುಬೇಳೆ ಮಾಡಿದೆ. ಬೆಳದಿಂಗಳ ನೀರಿಗೆಂದು ತಾರಸಿಯ ಮೇಲೆ ಬಿಂದಿಗೆಯನ್ನೂ ಇಟ್ಟೆ. ವಾರದಿಂದ ಚಂದ್ರನ ಮುಖ ಕಂಡವರಿಲ್ಲ. ಬಿಂದಿಗೆಯಲ್ಲಿ ತುಂಬಿದ ಮಳೆ ನೀರನ್ನೇ ಸೋಸಿ ತಣ್ಣಗೆ ಕೊಟ್ಟೆ. ಅವರು ನನ್ನ ಮುಖ ನೋಡಿ, ಲೋಟ ನೋಡಿ, ಕುಡಿದರು.

ಇದರ ಮೇಲೆ ಭೇದಿಯ ಪುಡಿ ಬೇರೆ. ಶರತ್ತಿನಲ್ಲಿ ಪಿತ್ತ ಇಳಿಸಬೇಕು, ಮೂರು ಬೆಳಿಗ್ಗೆ ಬರಿ ಹೊಟ್ಟೆಗೆ ತಗೊಳ್ಳಿ, ಆ ಮೂರು ದಿನ ರಜೆ ಹಾಕಿ ಮನೆಯಲ್ಲೇ ಇರಿ ಎಂದು ಡಾಕ್ಟರಮ್ಮ ತಿಂಗಳ ಮೊದಲೇ ಕೊಟ್ಟಿದ್ದಳು. ಅವರು ರಜೆ ಹಾಕಿ ಮೊದಲ ಬೆಳಿಗ್ಗೆಯ ಪುಡಿ ನುಂಗಿದರು. ಆವತ್ತೇ ಸಂಜೆ ನಾಲ್ಕಕ್ಕೆ, ಫೋನನ್ನು ಚಾರ್ಜಿಗೆ ಹಾಕಿ ಕ್ಷೌರಕ್ಕೆ ಹೋಗಿದ್ದಾಗ, ಫೋನು ಹೊಡೆದುಕೊಂಡಿತು. ನಾನು ಎತ್ತಿದೆ.

‘ಅಮ್ಮ, ನಾನು ಸುಮನಾ. ಇಲ್ಲಿ ಮಳೆ ನೋಡಿ ನನಗೆ ಹೆದರಿಕೆ ಆಯಿತು. ನಮ್ಮೂರಲ್ಲಿ ಈಗ ಬಿಸಿಲು. ಇಲ್ಲಿಯದು ಬೇರೆ ಲೆಕ್ಕ ಅಂತ ಗೊತ್ತಾಗಲಿಲ್ಲ ನನಗೆ. ಅವರಿಗೆ ಪುಡಿ ನಿಲ್ಲಿಸಲು ಹೇಳಿ. ಆ ಹಾಳೆಯನ್ನೂ ಬಿಟ್ಟುಬಿಡಿ. ಈ ಮಳೆಗೆ ನೀವು ಮನೆಯಲ್ಲಿ ಮೊದಲು ಏನು ಮಾಡುತ್ತಿದ್ದಿರೋ ಅದನ್ನೇ ಬಿಸಿಬಿಸಿ ಕೊಡಿ.’

‘ಆಗಲಿ’ ಎಂದು ಫೋನ್ ಇಟ್ಟೆ.

ನಾನು ಗೆದ್ದಿದ್ದೆ. ಅವಳೇ ಒಪ್ಪಿಕೊಂಡಿದ್ದಳು. ಆದರೂ ಮೈಯೆಲ್ಲ ಉರಿಯಿತು. ನನ್ನ ಮನೆಯಲ್ಲಿ, ನನ್ನ ಒಲೆಯ ಮೇಲೆ, ನನ್ನವ್ವ ಕಲಿಸಿದ ಹುರುಳಿ ಸಾರು ಕಾಯಿಸುವುದಕ್ಕೆ ನನಗೆ ಇವಳ ಅಪ್ಪಣೆಯೇ? ನಾನೀಗ ಹುರುಳಿ ಸಾರು ಮಾಡಿ ಬಡಿಸಿದರೆ ಅವರು ‘ಡಾಕ್ಟರಮ್ಮ ಯೋಳವ್ರೆ’ ಎಂದು ಚಪ್ಪರಿಸಿ ತಿನ್ನುತ್ತಾರೆ. ಆ ಸಾರೂ ಅವಳದಾಗುತ್ತದೆ. ಅವರು ಕ್ಷೌರ ಮುಗಿಸಿ ಬಂದಾಗ ನಾನು ಹಾಲನ್ನಕ್ಕೆ ಅಕ್ಕಿ ತೊಳೆಯುತ್ತಿದ್ದೆ. ಫೋನಿನ ಮಾತೆತ್ತಲಿಲ್ಲ.

ಎರಡನೆಯ ಬೆಳಿಗ್ಗೆ ಪುಡಿ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು. ಇವತ್ತಿಗೆ ಸಾಕು, ನಾಳೆ ಹೇಳಿದರಾಯಿತು ಅಂದುಕೊಂಡೆ. ಮೂರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಪುಡಿ ನುಂಗಿ ಖಾಕಿ ಹಾಕಿಕೊಂಡಿದ್ದರು. ಬೆಟ್ಟಕ್ಕೆ ಜನ ಜಾಸ್ತಿ, ಡ್ರೈವರುಗಳಿಲ್ಲ, ಬಾ ಎಂದು ಡಿಪೋದಿಂದ ಫೋನ್ ಬಂದಿತ್ತಂತೆ.

‘ಓಗ್ಬ್ಯಾಡಿ’ ಎಂಬ ಮಾತು ಬಾಯಿಯವರೆಗೆ ಬಂತು. ಹೋಗಬೇಡಿ ಅಂದರೆ ಏಕೆ ಎಂದು ಕೇಳುತ್ತಾರೆ. ಏಕೆಂದು ಹೇಳಿದರೆ ಫೋನಿನ ಮಾತು ಹೊರಗೆ ಬರುತ್ತದೆ. ಅವರು ಕೊಡೆ ತೆಗೆದುಕೊಂಡು ಹೊರಟುಹೋದರು.

ಹತ್ತೂವರೆಗೆ ಕಂಡಕ್ಟರ್ ಸಿದ್ದರಾಜುವಿನ ಫೋನು. ‘ಅಕ್ಕೋ, ಗಾಬ್ರಿ ಆಗ್ಬ್ಯಾಡಿ. ಅಣ್ಣ ಸುಸ್ತಾಗ್ಬುಟ್ಟವ್ರೆ. ತಾಳಬೆಟ್ಟದತ್ರ ಗಾಡಿ ಸೈಡ್‌ಗೆ ಆಕ್ಬುಟ್ಟು, ಸ್ಟೇರಿಂಗ್ ಮ್ಯಾಲೇ ತಲೆ ಮಡೀಕಂಡ್ಬುಟ್ರು. ಕೈ ನಡುಗ್ತಾವೆ, ಘಾಟಿ ಅತ್ಸಕ್ಕಾಗಲ್ಲ ಕಣ್ಲಾ ಅಂದ್ರು. ಬಸ್ ತುಂಬ ಜನ ಅಕ್ಕ. ಅತ್ಸಿದ್ರೆ ನಾವ್ಯಾರೂ ಇರ್ತಿರ್ನಿಲ್ಲ.’

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಅವರು ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಮುಖ ಬೆಳ್ಳಗೆ, ತುಟಿ ಒಣಗಿ ಬಿರಿದಿತ್ತು. ನಾನು ಕಾಲ ಬಳಿ ಕೂತು ಅವರ ಪಾದ ತಿಕ್ಕಿದೆ. ತಾಳಬೆಟ್ಟದ ಮೇಲಿನ ತಿರುವುಗಳು ನನಗೂ ಗೊತ್ತು. ಒಂದು ತಿರುವು ಹತ್ತಿಸಿದ್ದರೆ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ.

ಎರಡನೆಯ ದಿನ ಡಾಕ್ಟರಮ್ಮ ಬಂದಳು. ಬಸ್ಸಿನಲ್ಲಿ ನೆನೆದುಕೊಂಡು ಬಂದಿದ್ದಳು, ಚೂಡಿದಾರದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಮುಖ ಆ ಕಡೆ ತಿರುಗಿಸಿದರು.

‘ನೀವು ಕೊಟ್ಟ ಪುಡಿ ತಾಯಿ ಇದು’ ಅಂದರು. ‘ನಿಮ್ಮನ್ನ ನಂಬುದ್ನಲ್ಲ.’

ಅವಳು ನನ್ನ ಕಡೆ ಒಮ್ಮೆ ನೋಡಿದಳು. ‘ನಾನು ಫೋನ್ ಮಾಡಿ ಹೇಳಿದ್ದೆನಲ್ಲ’ ಎಂದು ಅವಳು ಒಂದು ಮಾತು ಅಂದರೆ ಸಾಕಿತ್ತು, ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಕನ್ನಡಕ ಒರೆಸಿಕೊಂಡು, ‘ತಪ್ಪು ನನ್ನದೇ. ಇಲ್ಲಿಯ ಮಳೆ ತಿಳಿಯದೆ ಕೊಟ್ಟೆ’ ಅಂದಳು. ನನಗೆ ನಮಸ್ಕಾರ ಮಾಡಿ ಹೊರಟುಹೋದಳು. ಆ ನಮಸ್ಕಾರಕ್ಕಿಂತ ಕೆನ್ನೆಗೊಂದು ಹೊಡೆದಿದ್ದರೆ ವಾಸಿಯಿತ್ತು.

ಮನೆಗೆ ಬಂದ ದಿನವೇ ಅವರು ಗೋಡೆಯ ಹಾಳೆಯನ್ನು ಕಿತ್ತು ಒಲೆಗೆ ಹಾಕಿದರು. ನಾನು ಮುದ್ದೆ, ಹುರುಳಿ ಸಾರು ಮಾಡಿದೆ. ಬೆವರೊರೆಸಿಕೊಂಡು ತಿಂದು, ‘ಇನ್ ಯಾವತ್ತೂ ನಿನ್ ಮಾತ್ ಮೀರಕಿಲ್ಲ ಕಣಮ್ಮಿ’ ಅಂದರು. ಏಳು ತಿಂಗಳು ನಾನು ಕೇಳಬೇಕೆಂದು ಹಂಬಲಿಸಿದ್ದ ಮಾತು ಅದು. ಬಂತು. ಇನ್ನೊಂದು ಸೌಟು ಸಾರು ತರುವ ನೆಪ ಮಾಡಿ ಎದ್ದುಹೋದೆ.

ಅವರು ಸುಮ್ಮನಿರುವ ಆಸಾಮಿಯಲ್ಲ. ಡಿಪೋದಲ್ಲಿ, ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ‘ಆ ಡಾಕ್ಟ್ರು ನನ್ನ ಸಾಯ್ಸ್‌ಬುಡೋಳು’ ಎಂದು ಸಾರಿದರು. ಹತ್ತು ದಿನ ಕಳೆದು ಸಿದ್ದರಾಜು ಮನೆಗೆ ಬಂದವನು ಖುಷಿಯಿಂದಲೇ ಸುದ್ದಿ ಹೇಳಿದ. ‘ಈಗ ಅಲ್ಲಿ ನೊಣ ಕೂಡ ಕೂರಲ್ಲ ಅಕ್ಕ. ಒಡೆಯರಪಾಳ್ಯದಿಂದ ಬರ್ತಿದ್ದೋರೂ ನಿಂತೋದ್ರು. ದೀಪಾವಳಿ ಕಳುದ್ರೆ ಬಾಗ್ಲಾಕಂಡು ಊರ್ಗೆ ಓಯ್ತಾಳಂತೆ.’

ಅವಳು ತೊಲಗಲಿ ಎಂದು ಏಳು ತಿಂಗಳು ಮನಸ್ಸಿನಲ್ಲೇ ಹರಕೆ ಹೊತ್ತಿದ್ದವಳು ನಾನು. ಹರಕೆ ಫಲಿಸಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಅವರದೇ ಬಸ್ಸು ಹತ್ತಿದೆ. ಆಗ ಅವರಿಗೆ ಘಾಟಿ ಡ್ಯೂಟಿ ತಪ್ಪಿಸಿ ಹನೂರಿನವರೆಗೆ ಮಾತ್ರ ಕೊಟ್ಟಿದ್ದರು. ‘ಎಲ್ಗಮ್ಮಿ?’ ಅಂದರು. ‘ಅನೂರ್ಗೆ’ ಅಂದು ಇಂಜಿನ್ನಿನ ಪಕ್ಕದ ಸೀಟಿನಲ್ಲೇ ಕೂತೆ. ಮನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಗಾಡಿ ಓಡಿಸುವಾಗ ಅವರು ನನ್ನ ಕಡೆ ತಿರುಗುವಂತಿಲ್ಲ. ಚಾಲಕರೊಡನೆ ಮಾತಾಡಬಾರದು ಎಂಬ ಬೋರ್ಡು ನನ್ನ ತಲೆಯ ಮೇಲೇ ಇತ್ತು. ಮಧುವನಹಳ್ಳಿ ದಾಟಿದ ಮೇಲೆ ಬಾಯಿಬಿಟ್ಟೆ.

‘ರೀ, ಪುಡಿ ನಿಲ್ಸಿ ಅಂತ ಡಾಕ್ಟರಮ್ಮ ಫೋನ್ ಮಾಡಿತ್ತು. ಮೊದಲ್ನೇ ದಿನವೇ. ನಾನೇ ಎತ್ಕಂಡಿದ್ದು. ನಿಮ್ಗೆ ಯೋಳ್ನಿಲ್ಲ.’

ವೈಪರು ಆ ಕಡೆ ಈ ಕಡೆ ಆಡುತ್ತಿತ್ತು.

‘ನೀವು ಆ ಮಗೀನ ಮಾತು ಕೇಳ್ತೀರಿ, ನನ್ ಮಾತು ಕೇಳಲ್ಲ ಅಂತ ಒಟ್ಟೆ ಉರೀತು. ಅದ್ಕೇ ಯೋಳ್ನಿಲ್ಲ.’

ಕಾಮಗೆರೆಯಲ್ಲಿ ನಿಲ್ಲಿಸಿದರು, ಜನ ಹತ್ತಿದರು, ಗೇರು ಬದಲಿಸಿದರು. ಹನೂರು ಬರುವವರೆಗೂ ಒಂದು ಮಾತಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ದೂರದ ಪ್ರಯಾಣವನ್ನು ನಾನು ಮಾಡಿರಲಿಲ್ಲ. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಇಂಜಿನ್ ಆರಿಸಿದರು. ಸ್ಟೇರಿಂಗ್ ಹಿಡಿದುಕೊಂಡೇ ಮುಂದಿನ ಗಾಜನ್ನು ನೋಡುತ್ತಾ ಅಂದರು:

‘ಆ ಮಳೇಲಿ ಆಲನ್ನ ತಿನ್ನಕ್ಕೆ ನಂಗೇನ್ ಆಸೆಯಾಗಿತ್ತಾ? ಬ್ಯಾಡ ಅಂತೀಯ, ಬ್ಯಾಡ ಅಂತೀಯ ಅಂತ ಮೂರ್ ದಿನ ನಿನ್ ಮೊಕ ನೋಡ್ದೆ ಕಣಮ್ಮಿ. ನೀನು ನನ್ನ ಬೈದು ಮೂರ್ ತಿಂಗ್ಳಾಗಿತ್ತು.’

ನಾನು ಅತ್ತೆ. ಅವರು ಇಳಿದರು. ಖಾಕಿಯಲ್ಲೇ, ಜಿನುಗು ಮಳೆಯಲ್ಲೇ, ಸ್ಟ್ಯಾಂಡಿನ ಡ್ರೈವರು ಕಂಡಕ್ಟರುಗಳೆಲ್ಲ ನೋಡುತ್ತಿದ್ದ ಹಾಗೆಯೇ ನೆಟ್ಟಗೆ ಆ ಮಳಿಗೆಗೆ ನಡೆದರು. ನಾನು ಹಿಂದೆ ಓಡಿದೆ. ಬೆಂಚು ಖಾಲಿ. ಅವಳು ಒಬ್ಬಳೇ ಕೂತು ಔಷಧಿ ಬಾಟಲಿಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು.

‘ಡಾಕ್ಟರಮ್ಮ, ತಪ್ಪು ನಮ್ ಮನೇದು, ನಿಮ್ದಲ್ಲ. ಡಿಪೋ ತುಂಬ ನಾನೇ ಯೋಳ್ಕಂಡ್ ಬತ್ತೀನಿ’ ಎಂದು ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಬೆಂಚಿನ ಮೇಲೆ ಕೂತು ಕೈ ಚಾಚಿದರು. ‘ನಾಡಿ ನೋಡಿ.’

ಅವಳ ಮುಖ ಅರಳಿತು. ನನ್ನತ್ತ ತಿರುಗಿ, ‘ಅಮ್ಮ, ನೀವೂ ಕೂತುಕೊಳ್ಳಿ’ ಅಂದಳು. ಬೇರೇನೂ ಕೇಳಲಿಲ್ಲ. ನಾಡಿ ನೋಡಿ ಮುಗಿಸಿ ಒಂದು ನೋಟ್‌ಬುಕ್ ತೆಗೆದಳು. ‘ಇಲ್ಲಿಯ ಮಳೆಗಳ ಪ್ರಕಾರ ಹೊಸದಾಗಿ ಬರೆಯಬೇಕು ಅಂತಿದ್ದೆ. ಚಿತ್ತೆ ಮಳೆಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?’

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಶುರುಮಾಡಿದರು. ‘ಬರ್ಕಳಿ. ಚಿತ್ತೆಗೆ ಉರುಳಿಕಟ್ಟಿನ ಸಾರು. ರಾತ್ರಿಗೆ ಜೀರ್ಗೆ ಆಕಿ ಕುದಿಸಿದ ನೀರು. ಸ್ವಾತಿಗೆ ಸೊಪ್ಪು ಕಮ್ಮಿ ಮಾಡ್ತಾಳೆ, ಮಳೇಲಿ ಉಳ ಇರ್ತವೆ ಅಂತ. ಆಷಾಢದ ಗಾಳೀಗೆ ಸನಿವಾರ ಎಳ್ಳೆಣ್ಣೆ ನೀರು. ಬಿಸ್ಲು ಕಾಲ್ದಲ್ಲಿ ಅಂಬ್ಲಿ. ಸಾರ್ಗೆ ಮೆಣಸು ಕುಟ್ಟಾಕ್ತಾಳೆ, ನಂಗೆ ಎದೆ ಉರಿ ಅಂತ ನನ್ನ ಪಾಲ್ಗೆ ಮಾತ್ರ ಅರ್ಧ. ಬೇರೆ ಪಾತ್ರೇಲಿ. ನಂಗೊತ್ತಿಲ್ಲ ಅನ್ಕಂಡವ್ಳೆ.’

ನಾನು ಹೇಳಿದ್ದೆಲ್ಲವೂ ಒಂದೂ ಬಿಡದೆ ಬರುತ್ತಿತ್ತು. ಹೇಳದೆ ಮಾಡಿದ್ದೂ ಬರುತ್ತಿತ್ತು. ನನ್ನ ಎದುರಿಗೆ ಒಂದು ದಿನವೂ ಬಾಯಿಬಿಡದವರು ಈಗ ಆ ಹುಡುಗಿಯ ಮುಂದೆ ಪಾಠ ಒಪ್ಪಿಸುವವರಂತೆ ಒಪ್ಪಿಸುತ್ತಿದ್ದರು. ಅವಳು ತಲೆದೂಗಿ ಬರೆದುಕೊಳ್ಳುತ್ತಿದ್ದಳು. ನನಗೆ ಅಳು ಬಂತು, ಅದರ ಹಿಂದೆಯೇ, ದೇವರಾಣೆ, ಹೊಟ್ಟೆಯೂ ಉರಿಯಿತು. ಸೆರಗಿನಿಂದ ಮೂಗೊರೆಸಿಕೊಂಡು ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತೆ.

‘ಒಗ್ಗರ್ಣೆಗೆ ಬೆಳ್ಳುಳ್ಳಿ ಸಿಪ್ಪೆ ಸಮೇತ ಜಜ್ಜಾಕ್ಬೇಕು’ ಅಂದೆ. ‘ಅದ ಬುಟ್ಬುಟ್ರಿ ನೀವು.’